ಕಥೆ ಹೇಳಿದ ಇನ್‌ಸ್ಪೆಕ್ಟರರು: ಪಂಜೆ ಮಂಗೇಶರಾಯರು

ಶಾಲೆಯ ತನಿಖೆಗೆ ಇನ್‌ಸ್ಪೆಕ್ಟರರು ಬರುವರೆಂದರೆ ಮಕ್ಕಳಿಗಿಂತ ಮೊದಲು ಉಪಾಧ್ಯಾಯರೇ ನಡುಗುತ್ತಿದ್ದ ಕಾಲವೊಂದಿತ್ತು. ಅಂಥ ಕಾಲದಲ್ಲಿ ತರಗತಿಯೊಳಗೆ ಕಾಲಿಟ್ಟು, ಪ್ರಶ್ನೆ ಕೇಳುವ ಮೊದಲೇ ಹಾಡಿ, ಅಭಿನಯಿಸಿ, ಕಥೆ ಹೇಳಿ ಮಕ್ಕಳ ಅಂಜಿಕೆಯನ್ನು ಕಳೆದ ಅಧಿಕಾರಿಯೊಬ್ಬರಿದ್ದರು. ಅವರೇ ಪಂಜೆ ಮಂಗೇಶರಾಯರು.

ರಾಯರು ಜನಿಸಿದ್ದು ೧೮೭೪ರಲ್ಲಿ, ದಕ್ಷಿಣ ಕನ್ನಡದ ಬಂಟವಾಳದಲ್ಲಿ. ಬಡತನದ ನಡುವೆಯೇ ಓದಿ, ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು. ಬಳಿಕ ವಿದ್ಯಾ ಇಲಾಖೆಯ ತನಿಖಾಧಿಕಾರಿಯಾಗಿ ಊರೂರು ಸುತ್ತಿದರು. ಮುಂದೆ ಕೊಡಗಿನಲ್ಲಿ ಮುಖ್ಯೋಪಾಧ್ಯಾಯರಾದರು. ಅವರ ಮನೆಮಾತು ಕೊಂಕಣಿ, ಸುತ್ತಣ ಮಾತು ತುಳು. ಆದರೂ ಮಕ್ಕಳ ನಾಲಗೆಯ ಮೇಲೆ ಕುಣಿಯುವ ಕನ್ನಡ ಅವರಿಗೆ ಒಲಿದಿತ್ತು. ಕವಿಶಿಷ್ಯ ಎಂಬ ವಿನಯದ ಹೆಸರಿನಲ್ಲಿ ಬರೆದರು. ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದರು.

ರಾಯರ ಕಥೆಗಳು ಮೊದಲು ಕಿವಿಗಾಗಿ ಹುಟ್ಟಿದವು, ಆಮೇಲೆ ಕಣ್ಣಿಗಾಗಿ. ಸಿಗಡಿ ಏಕೆ ಒಣಗಲಿಲ್ಲ ಎಂಬ ಕಥೆಯಲ್ಲಿ ಒಂದು ಪ್ರಶ್ನೆಯ ಉತ್ತರವೇ ಮತ್ತೊಂದು ಪ್ರಶ್ನೆಗೆ ದಾರಿಯಾಗುತ್ತದೆ. ಎರಡನೆಯ ಸುತ್ತಿಗೆ ಮಗುವಿಗೆ ಕಥೆಯ ನಡೆ ತಿಳಿದುಬಿಡುತ್ತದೆ. ಮೂರನೆಯ ಸುತ್ತಿಗೆ ಮಗುವೇ ಕಥೆಗಾರನಾಗುತ್ತದೆ. ಮೂರು ಕರಡಿಗಳ ಕಥೆ ಪರದೇಶದ್ದು. ರಾಯರ ಬಾಯಲ್ಲಿ ಅದು ನಮ್ಮ ಮನೆಯದೇ ಆಯಿತು. ಶಬ್ದದ ಪುನರಾವೃತ್ತಿ, ದನಿಯ ಏರಿಳಿತ, ನಡುವೆ ಕ್ಷಣಕಾಲದ ಮೌನ - ಇವೇ ಅವರ ಬೋಧನೋಪಕರಣಗಳು.

ಬಳ್ಳಾರಿಯವರಿಗೆ ಈ ಕಲೆ ಅಪರಿಚಿತವಲ್ಲ. ನೆರೆಯ ತೆಲುಗರ ಏಳು ಮೀನುಗಳ ಕಥೆಯೂ ಇಂಥದೇ ಸರಪಳಿಯ ಕಥೆ. ತೊಗಲುಬೊಂಬೆಯವರೂ ಬುರ್ರಕಥೆಯವರೂ ಈ ಸೀಮೆಯ ರಾತ್ರಿಗಳನ್ನು ಬೆಳಗಿದವರು. ಬಳ್ಳಾರಿಯೂ ದಕ್ಷಿಣ ಕನ್ನಡವೂ ಆಗ ಮದರಾಸು ಪ್ರಾಂತಕ್ಕೇ ಸೇರಿದ್ದವು. ೧೯೩೪ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ ರಾಯರು ಬಂದುದು ಸಿರುಗುಪ್ಪದ ಆಚೆ, ತುಂಗಭದ್ರೆಯನ್ನು ದಾಟಿದರೆ ಸಿಗುವ ರಾಯಚೂರು ಸೀಮೆಗೆ. ನಿಜಾಮರ ಆಳ್ವಿಕೆಯಲ್ಲಿ ಉರ್ದುವೇ ರಾಜಭಾಷೆಯಾಗಿದ್ದ ಆ ನೆಲದಲ್ಲಿ ಮಕ್ಕಳ ಕವಿಯೊಬ್ಬರು ಅಧ್ಯಕ್ಷಪೀಠವನ್ನೇರಿದುದು ಅರ್ಥಪೂರ್ಣವಾಗಿತ್ತು. ನುಡಿ ಉಳಿಯುವುದು ಎಳೆಯರ ಬಾಯಲ್ಲಲ್ಲವೇ?

೧೯೩೭ರ ಅಕ್ಟೋಬರಿನಲ್ಲಿ ರಾಯರು ಹೈದರಾಬಾದಿನಲ್ಲಿ ತೀರಿಕೊಂಡರು. ಅವರ ಕಥೆ, ಪದ್ಯಗಳು ಪಠ್ಯಪುಸ್ತಕಗಳನ್ನು ಸೇರಿ ಉಳಿದವು. ಆದರೆ ಅಚ್ಚಿನಲ್ಲಿ ಉಳಿದುದು ಅಕ್ಷರ ಮಾತ್ರ. ದನಿಯನ್ನು ನಾವೇ ಕೊಡಬೇಕು. ಕುರುಗೋಡಿನ ಯಾವುದೋ ತರಗತಿಯಲ್ಲಿ, ಮನೆಯಲ್ಲಿ ತೆಲುಗನ್ನೋ ಉರ್ದುವನ್ನೋ ಆಡುವ ಮಗು ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತಿರಬಹುದು. ಪಾಠ ಮುಗಿಸುವ ಅವಸರದಲ್ಲಿ ಆ ಮೌನ ನಮಗೆ ಕೇಳಿಸದೆ ಹೋಗುತ್ತದೆ. ದಾನಿಗಳು ಕೊಠಡಿಗಳನ್ನು ಕಟ್ಟಿಸಿಕೊಡಬಲ್ಲರು. ಅವುಗಳೊಳಗಿನ ಭಯವನ್ನು ಓಡಿಸುವ ಕೆಲಸ ಉಪಾಧ್ಯಾಯರದು. ವಾರಕ್ಕೊಂದು ಸಲವಾದರೂ ಪುಸ್ತಕವನ್ನು ಮುಚ್ಚಿಟ್ಟು ಕಥೆ ಹೇಳಿದರೆ, ರಾಯರ ಸ್ಮರಣೆಗೆ ಅದಕ್ಕಿಂತ ಮಿಗಿಲಾದ ಕಾಣಿಕೆ ಬೇರೊಂದಿಲ್ಲ.