ಒಂದೇ ಸಾಲಿನ ಗೇರು: ಕಾಲಿನ್ ಚಾಪ್‌ಮನ್ ಕಥೆ

ಬೈಕ್ ಓಡಿಸೋರಿಗೆ ಇದನ್ನ ಯಾರೂ ಹೇಳಿಕೊಡಬೇಕಾಗಿಲ್ಲ: ಎರಡನೇ ಗೇರಿನಿಂದ ನೇರವಾಗಿ ಐದಕ್ಕೆ ಹಾರೋಕೆ ಆಗಲ್ಲ. ಮೂರು, ನಾಲ್ಕು ದಾಟಿಕೊಂಡೇ ಹೋಗಬೇಕು. ಕಾಲಿನ ಲಿವರ್ ಒಂದು ಸಲ ಒತ್ತಿದರೆ ಒಂದೇ ಗೇರು ಬದಲಾಗುತ್ತೆ, ಲಿವರ್ ಮತ್ತೆ ಮೊದಲಿನ ಜಾಗಕ್ಕೇ ವಾಪಸ್ ಬರುತ್ತೆ. ಇದೇ ಸೀಕ್ವೆನ್ಷಿಯಲ್ ಗೇರ್‌ಬಾಕ್ಸ್. ಬೈಕ್‌ಗಳಲ್ಲಿ ಇದು 1920ರ ದಶಕದ ಕೊನೆಯಿಂದಲೂ ಇದೆ. ಇದನ್ನ ರೇಸ್ ಕಾರಿಗೂ ಹಾಕಲೇಬೇಕು ಅಂತ 1957ರಲ್ಲೇ ಹಟ ಹಿಡಿದು ಕೈ ಸುಟ್ಟುಕೊಂಡವನು ಲೋಟಸ್ ಕಂಪನಿಯ ಸ್ಥಾಪಕ ಕಾಲಿನ್ ಚಾಪ್‌ಮನ್.

ಚಾಪ್‌ಮನ್ ಹುಟ್ಟಿದ್ದು 1928ರ ಮೇ 19ರಂದು, ಇಂಗ್ಲೆಂಡಿನ ರಿಚ್ಮಂಡ್‌ನಲ್ಲಿ. ಬೆಳೆದದ್ದು ಉತ್ತರ ಲಂಡನ್ನಿನ ಹಾರ್ನ್ಸೇಯಲ್ಲಿ. ಅಪ್ಪ ಅಲ್ಲಿ ರೈಲ್ವೇ ಹೋಟೆಲ್ ಅನ್ನೋ ಪಬ್ ನಡೆಸುತ್ತಿದ್ದರು. ಮಗ ಯೂನಿವರ್ಸಿಟಿ ಕಾಲೇಜ್ ಲಂಡನ್ ಸೇರಿದ. ಓದಿದ್ದು ಮೆಕ್ಯಾನಿಕಲ್ ಅಲ್ಲ, ಸ್ಟ್ರಕ್ಚರಲ್ ಎಂಜಿನಿಯರಿಂಗ್. ಸಿವಿಲ್ ಬ್ರಾಂಚಿನವರು ಕಾಲರ್ ಎತ್ತಿಕೊಳ್ಳಬಹುದು!

ಕ್ಲಾಸಿಗಿಂತ ಹೊರಗಿನ ಕೆಲಸಗಳೇ ಜಾಸ್ತಿ. ಯೂನಿವರ್ಸಿಟಿಯ ಏರ್ ಸ್ಕ್ವಾಡ್ರನ್ ಸೇರಿ ವಿಮಾನ ಹಾರಿಸೋದು ಕಲಿತ. ಗೆಳೆಯನ ಜೊತೆ ಸೇರಿ ಸೆಕೆಂಡ್‌ಹ್ಯಾಂಡ್ ಕಾರು ಕೊಂಡು ಮಾರೋ ವ್ಯಾಪಾರ ಶುರು ಮಾಡಿದ. 1947ರ ಕೊನೆಯಲ್ಲಿ ಬ್ರಿಟಿಷ್ ಸರ್ಕಾರ ಸಾಮಾನ್ಯರಿಗೆ ಸಿಗುತ್ತಿದ್ದ ಪೆಟ್ರೋಲ್ ರೇಷನ್ ನಿಲ್ಲಿಸಿಬಿಟ್ಟಾಗ ಕಾರು ಕೊಳ್ಳೋರೇ ಇಲ್ಲದ ಹಾಗಾಯ್ತು. ಬಂದ ಲಾಭವೆಲ್ಲ ಕೈಬಿಟ್ಟು ಹೋಯ್ತು. ಕೊನೆಗೆ ಯಾರಿಗೂ ಬೇಡವಾಗಿ ಉಳಿದ ಒಂದು ಹಳೇ ಆಸ್ಟಿನ್ ಸೆವೆನ್ ಕಾರನ್ನ ಬಿಚ್ಚಿ, ಮೇಲಿನ ಬಾಡಿ ಹೊಸದಾಗಿ ಕಟ್ಟಿದ. ಅದೇ ಮೊದಲ ಲೋಟಸ್. ಈ ನಡುವೆ ಫೈನಲ್ ಇಯರ್ ಮ್ಯಾಥ್ಸ್‌ನಲ್ಲಿ ಬ್ಯಾಕ್ ಉಳೀತು. 1948ರಲ್ಲಿ ಡಿಗ್ರಿ ಇಲ್ಲದೇ ಕಾಲೇಜು ಬಿಟ್ಟು, 1949ರಲ್ಲಿ ಮತ್ತೆ ಪರೀಕ್ಷೆ ಬರೆದು ಪಾಸಾದ.

1952ರಲ್ಲಿ ಕಂಪನಿ ಶುರುವಾದಾಗ ಬಂಡವಾಳ 25 ಪೌಂಡ್. ಕೊಟ್ಟವಳು ಪ್ರೇಯಸಿ ಹೇಝಲ್ ವಿಲಿಯಮ್ಸ್, ಎರಡು ವರ್ಷದ ನಂತರ ಅವನ ಹೆಂಡತಿಯಾದಳು. ವರ್ಕ್‌ಶಾಪ್ ಅಂದ್ರೆ ಅಪ್ಪನ ಪಬ್ಬಿನ ಹಿಂದಿದ್ದ ಹಳೇ ಕುದುರೆ ಲಾಯ. ಹಗಲು ಅಲ್ಯೂಮಿನಿಯಂ ಕಂಪನಿಯಲ್ಲಿ ನೌಕರಿ, ಸಂಜೆ ಮೇಲೆ ಕಾರು.

ಓದಿದ್ದು ಇಲ್ಲಿ ಕೆಲಸಕ್ಕೆ ಬಂತು. ಸೇತುವೆಯ ಟ್ರಸ್ ಲೆಕ್ಕ ಹಾಕೋ ಹಾಗೇ ಕಾರಿನ ಫ್ರೇಮನ್ನೂ ತೆಳು ಪೈಪುಗಳ ತ್ರಿಕೋನಗಳಾಗಿ ಕಟ್ಟಿದ. ಬೇರೆಯವರು ವೇಗ ಬೇಕು ಅಂದ್ರೆ ಎಂಜಿನ್ ದೊಡ್ಡದು ಮಾಡುತ್ತಿದ್ದರು, ಇವನು ಕಾರಿನ ತೂಕ ಇಳಿಸುತ್ತಿದ್ದ. ಪವರ್ ಹೆಚ್ಚಿದರೆ ನೇರ ರಸ್ತೆಯಲ್ಲಿ ಮಾತ್ರ ಲಾಭ, ತೂಕ ಇಳಿದರೆ ತಿರುವಿನಲ್ಲೂ ಬ್ರೇಕಿನಲ್ಲೂ ಲಾಭ ಅನ್ನೋದು ಅವನ ಲೆಕ್ಕ. ಒಂದು ಭಾಗ ಎರಡು ಕೆಲಸ ಮಾಡೋಕೆ ಆಗುತ್ತೆ ಅಂದ್ರೆ ಎರಡನೇ ಭಾಗ ಇರಲೇಬಾರದು.

1957ರಲ್ಲಿ ಲೋಟಸ್‌ನ ಮೊದಲ ಸಿಂಗಲ್ ಸೀಟರ್, ಲೋಟಸ್ 12, ಬಂತು. ಅದಕ್ಕೆ ಚಿಕ್ಕದಾದ, ಹಗುರವಾದ ಗೇರ್‌ಬಾಕ್ಸ್ ಬೇಕಿತ್ತು. ರಿಚರ್ಡ್ ಆನ್ಸ್‌ಡೇಲ್ ಮತ್ತು ಹ್ಯಾರಿ ಮಂಡಿ ಡಿಸೈನ್ ಮಾಡಿದ ಐದು ಗೇರಿನ ಡಬ್ಬ ಹಿಂದಿನ ಆಕ್ಸಲ್ಲಿನ ಜೊತೆಗೇ ಕೂತಿತು. ಬದಲಾಯಿಸೋದು ಬೈಕ್ ಥರ, ಸಾಲಾಗಿ. ಅದು ಯಾಕೆ ಹೊಸದು ಅಂತ ಗೊತ್ತಾಗೋಕೆ ಒಳಗೇನಿರುತ್ತೆ ನೋಡೋಣ.

ಗೇರ್ ಹಾಕೋದು ಅಂದ್ರೆ ಹಲ್ಲಿಗೆ ಹಲ್ಲು ಕೂಡಿಸೋದು ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಹಾಗಲ್ಲ. ಇಂಥ ಡಬ್ಬದಲ್ಲಿ ಎಲ್ಲಾ ಜೋಡಿಗಳ ಹಲ್ಲೂ ಯಾವಾಗಲೂ ಕೂಡಿಕೊಂಡೇ ಇರುತ್ತೆ. ಆದರೆ ಪ್ರತಿ ಜೋಡಿಯಲ್ಲಿ ಒಂದು ಗೇರು ತನ್ನ ಶಾಫ್ಟಿನ ಮೇಲೆ ಸುಮ್ಮನೆ ಸುತ್ತುತ್ತಿರುತ್ತೆ. ಅದನ್ನ ಶಾಫ್ಟಿಗೆ ಲಾಕ್ ಮಾಡಿದಾಗ ಆ ಗೇರು ಬಿತ್ತು ಅಂತ ಅರ್ಥ. ರಸ್ತೆ ಕಾರಿನಲ್ಲಿ ಲಾಕ್ ಆಗೋ ಮುಂಚೆ ಸಿಂಕ್ರೋ ಅನ್ನೋ ಕೋನ್ ಉಜ್ಜಿ ಎರಡರ ವೇಗ ಸಮ ಮಾಡುತ್ತೆ. ಅದಕ್ಕೆ ಟೈಮ್ ಬೇಕು. ರೇಸ್ ಡಬ್ಬದಲ್ಲಿ ಸಿಂಕ್ರೋ ಇರಲ್ಲ. ಪಕ್ಕದಲ್ಲಿ ದಪ್ಪ ದಪ್ಪ ನಾಲ್ಕೈದು ಮೊಟಕು ಹಲ್ಲು ಇರುತ್ತೆ, ಇವಕ್ಕೆ ಡಾಗ್ ಅಂತಾರೆ. ನಡುವೆ ಜಾಗ ಜಾಸ್ತಿ ಇರೋದರಿಂದ ವೇಗ ಸ್ವಲ್ಪ ಹೆಚ್ಚುಕಮ್ಮಿ ಇದ್ದರೂ ಟಕ್ ಅಂತ ಕೂತುಬಿಡುತ್ತೆ.

ಇವತ್ತಿನ ಡಬ್ಬಗಳಲ್ಲಿ, ನಿಮ್ಮ ಬೈಕಿನಲ್ಲೂ, ಈ ಡಾಗ್‌ಗಳನ್ನ ಸರಿಸೋಕೆ ಒಂದು ಡ್ರಮ್ ಇದೆ. ಅದರ ಮೈಮೇಲೆ ಅಂಕುಡೊಂಕಾದ ಗಾಡಿಗಳು ಕೊರೆದಿರುತ್ತೆ. ಫೋರ್ಕಿನ ಪಿನ್ನುಗಳು ಆ ಗಾಡಿಗಳಲ್ಲಿ ಓಡುತ್ತೆ. ಲಿವರ್ ಒಂದು ಸಲ ಎಳೆದರೆ ಡ್ರಮ್ ಲೆಕ್ಕದಷ್ಟೇ ತಿರುಗಿ ನಿಲ್ಲುತ್ತೆ, ಒಂದು ಫೋರ್ಕ್ ಹಳೇ ಗೇರು ಬಿಡಿಸುತ್ತೆ, ಇನ್ನೊಂದು ಹೊಸದನ್ನ ಹಿಡಿಸುತ್ತೆ. ಒಟ್ಟಿಗೆ ಎರಡು ಗೇರು ಬೀಳೋ ಮಾತೇ ಇಲ್ಲ. ಗಡಿಬಿಡಿಯಲ್ಲಿ ನಾಲ್ಕರ ಬದಲು ಎರಡು ಹಾಕಿ ಎಂಜಿನ್ ಒಡೆದುಕೊಳ್ಳೋದೂ ಇಲ್ಲ.

ಲೋಟಸ್ ಡಬ್ಬದಲ್ಲಿ ಡ್ರಮ್ ಇರಲಿಲ್ಲ. ಗೇರುಗಳನ್ನೆಲ್ಲ ಒತ್ತೊತ್ತಾಗಿ ಪಕ್ಕಪಕ್ಕದಲ್ಲೇ ಜೋಡಿಸಿದ್ದರು. ಒಳಗಿನಿಂದ ಒಂದೇ ತುಣುಕು ಉದ್ದಕ್ಕೆ ಸರಿಯುತ್ತಾ ಒಂದೊಂದೇ ಗೇರನ್ನ ಹಿಡಿದು ಬಿಡುತ್ತಿತ್ತು. ಹಾಗಾಗಿ ಸಾಲಾಗಿ ಹೋಗೋದು ಬಿಟ್ಟು ಅದಕ್ಕೆ ಬೇರೆ ದಾರಿಯೇ ಇಲ್ಲ. ಕಾಗದದ ಮೇಲೆ ಎಷ್ಟು ಚೆಂದ! ಒಂದು ತುಣುಕು, ಐದು ಕೆಲಸ. ಚಾಪ್‌ಮನ್‌ಗೆ ಇಷ್ಟವಾಗದೇ ಇರುತ್ತಾ?

ಟ್ರ್ಯಾಕಿನ ಮೇಲೆ ಕಥೆ ಬೇರೆ. ಅಷ್ಟು ಇಕ್ಕಟ್ಟಿನ ಜಾಗದಲ್ಲಿ ಎಣ್ಣೆ ಎಲ್ಲಾ ಕಡೆ ತಲುಪುತ್ತಿರಲಿಲ್ಲ. ಭಾಗಗಳು ಬೇಗ ಸವೆದು ಕೈಕೊಡುತ್ತಿದ್ದವು. ವರ್ಕ್‌ಶಾಪಿನಲ್ಲಿ ಅದಕ್ಕೆ ಬಿದ್ದ ಹೆಸರು ಕ್ವಿಯರ್‌ಬಾಕ್ಸ್, ಅಂದ್ರೆ ವಿಚಿತ್ರ ಡಬ್ಬ.

ಇದನ್ನ ರಿಪೇರಿ ಮಾಡೋಕೆ ಅಂತ ಬಂದವನು ಕೀತ್ ಡಕ್‌ವರ್ತ್, ಇಂಪೀರಿಯಲ್ ಕಾಲೇಜಿನಿಂದ ಆಗಷ್ಟೇ ಹೊರಬಿದ್ದ ಹುಡುಗ. ಎಣ್ಣೆಯ ವ್ಯವಸ್ಥೆಯಿಂದ ಹಿಡಿದು ಗೇರು ಬದಲಿಸೋ ಭಾಗದವರೆಗೆ ಕೂತು ತಿದ್ದಿದ. ಸರಿಯಾಗಿ ಮಾಡಬೇಕಂದ್ರೆ ಬುಡದಿಂದಲೇ ಮತ್ತೆ ಮಾಡಬೇಕು, ಅದಕ್ಕೆ ಟೈಮೂ ದುಡ್ಡೂ ಬೇಕು ಅನ್ನೋದು ಅವನಿಗೆ ಗೊತ್ತಾಯ್ತು. ಚಾಪ್‌ಮನ್ ಹತ್ತಿರ ಎರಡೂ ಇರಲಿಲ್ಲ, ತಾಳ್ಮೆಯಂತೂ ಮೊದಲೇ ಇರಲಿಲ್ಲ. ಡಕ್‌ವರ್ತ್ ಕೆಲಸ ಬಿಟ್ಟ. 1958ರಲ್ಲಿ ಮೈಕ್ ಕಾಸ್ಟಿನ್ ಜೊತೆ ಸೇರಿ ಸ್ವಂತ ಕಂಪನಿ ತೆಗೆದ. ಇಬ್ಬರ ಹೆಸರು ಕೂಡಿಸಿ ಕಾಸ್ವರ್ತ್. ಮುಂದೆ 1962ರ ಲೋಟಸ್ 25ರ ಹೊತ್ತಿಗೆ ಚಾಪ್‌ಮನ್ ಹೊರಗಿನ ಕಂಪನಿ ಝಡ್‌ಎಫ್‌ನ ಗೇರ್‌ಬಾಕ್ಸನ್ನೇ ಕೂರಿಸಿಕೊಂಡ.

ಇಲ್ಲಿಗೆ ಗೆಳೆತನ ಮುರಿದುಬಿತ್ತು ಅಂದ್ಕೊಂಡ್ರೆ ತಪ್ಪು. ಚಾಪ್‌ಮನ್ ಫೋರ್ಡ್ ಕಂಪನಿಯನ್ನ ಒಪ್ಪಿಸಿ 1 ಲಕ್ಷ ಪೌಂಡ್ ಕೊಡಿಸಿದ, ಅದೇ ಡಕ್‌ವರ್ತ್ ಡಿಎಫ್‌ವಿ ಅನ್ನೋ ವಿ8 ಎಂಜಿನ್ ಮಾಡಿದ. ಎಂಜಿನ್ನೇ ಕಾರಿನ ಹಿಂಭಾಗದ ಫ್ರೇಮ್ ಆಗಿ ಕೆಲಸ ಮಾಡೋ ಹಾಗೆ ಲೋಟಸ್ 49 ತಯಾರಾಯ್ತು. 1967ರ ಜೂನ್‌ನಲ್ಲಿ ನೆದರ್ಲೆಂಡ್ಸಿನ ಝಾಂಡ್‌ವೋರ್ಟ್‌ನಲ್ಲಿ ಮೊದಲ ರೇಸ್, ಜಿಮ್ ಕ್ಲಾರ್ಕ್ ಗೆದ್ದ. ಆ ಎಂಜಿನ್ ಮುಂದೆ ಬೇರೆ ಬೇರೆ ಟೀಮುಗಳ ಕಾರಿನಲ್ಲಿ ಕೂತು 155 ಗ್ರಾಂಪ್ರಿ ಗೆದ್ದಿತು.

ಗೇರಿನ ಹುಚ್ಚು ಮಾತ್ರ ಚಾಪ್‌ಮನ್‌ನನ್ನ ಬಿಡಲಿಲ್ಲ. 1974ರ ಲೋಟಸ್ 76ರಲ್ಲಿ ಗೇರ್ ಲಿವರಿನ ತುದಿಗೇ ಒಂದು ಬಟನ್ ಇಟ್ಟ. ಒತ್ತಿದರೆ ಕ್ಲಚ್ ಬಿಡುತ್ತೆ, ಎಡಗಾಲು ಬ್ರೇಕಿಗೆ ಖಾಲಿ ಸಿಗುತ್ತೆ. ಅದೂ ಕೈಕೊಟ್ಟಿತು. ಟೀಮು 1970ರ ಹಳೇ ಲೋಟಸ್ 72ಕ್ಕೇ ವಾಪಸ್ ಹೋಯ್ತು. ರಾನಿ ಪೀಟರ್ಸನ್ ಆ ವರ್ಷ ಹಳೇ ಕಾರಿನಲ್ಲೇ ಮೂರು ರೇಸ್ ಗೆದ್ದ.

ಗೇರು ಮುರಿದರೆ ಕಾರು ನಿಲ್ಲುತ್ತೆ, ಅಷ್ಟೇ. ಬೇರೆ ಭಾಗ ಮುರಿದರೆ? 1960ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಲೋಟಸ್ 18ರ ಹಿಂದಿನ ಚಕ್ರ ಕಳಚಿ ಸ್ಟರ್ಲಿಂಗ್ ಮಾಸ್ ಎರಡೂ ಕಾಲು ಮುರಿದುಕೊಂಡ. 1969ರಲ್ಲಿ ರೆಕ್ಕೆ ಮುರಿದು ಅಪಘಾತವಾದ ಮೇಲೆ ಯೋಹೆನ್ ರಿಂಟ್ ಚಾಪ್‌ಮನ್‌ಗೆ ಪತ್ರ ಬರೆದ. ಕೆಲವು ಕೆಜಿ ತೂಕ ಹೆಚ್ಚಾದರೂ ಪರವಾಗಿಲ್ಲ, ಭಾಗಗಳು ಗಟ್ಟಿ ಇರಲಿ ಅಂತ ಅದರ ಸಾರ. ಮುಂದಿನ ವರ್ಷ ಸೆಪ್ಟೆಂಬರ್ 5ರಂದು ಮೋಂಜಾದಲ್ಲಿ ರಿಂಟ್ ಸತ್ತ. ಮುಂದಿನ ಬ್ರೇಕಿನ ಶಾಫ್ಟ್ ಮುರಿದಿತ್ತು. ಆ ವರ್ಷದ ಚಾಂಪಿಯನ್ ಅವನೇ, ಕಪ್ ಎತ್ತಿಕೊಳ್ಳೋಕೆ ಅವನಿರಲಿಲ್ಲ. ಚಾಪ್‌ಮನ್ ಕಾಲದಲ್ಲಿ ಲೋಟಸ್ 7 ಕನ್‌ಸ್ಟ್ರಕ್ಟರ್ಸ್ ಪಟ್ಟ, 6 ಡ್ರೈವರ್ ಪಟ್ಟ ಗೆದ್ದಿತು. ಆ ಲೆಕ್ಕ ಬರೆಯೋವಾಗ ಈ ಲೆಕ್ಕವನ್ನೂ ಪಕ್ಕದಲ್ಲಿ ಬರೆಯಬೇಕು.

1982ರ ಡಿಸೆಂಬರ್ 16ರಂದು ಹೃದಯಾಘಾತದಿಂದ ಚಾಪ್‌ಮನ್ ತೀರಿಕೊಂಡ. ವಯಸ್ಸು 54. ಆಗ ಡಿಲೋರಿಯನ್ ಕಾರು ಕಂಪನಿಯ ಹಣದ ಹಗರಣ ಅವನ ಬಾಗಿಲವರೆಗೂ ಬಂದಿತ್ತು. ಬದುಕಿದ್ದರೆ ಕೋರ್ಟು ಮೆಟ್ಟಿಲು ಹತ್ತಬೇಕಿತ್ತು.

ಅವನು ಕಡೆಯ ವರ್ಷಗಳಲ್ಲಿ ಟೀಮಿಗೆ ತಂದುಕೊಂಡ ಹುಡುಗರಲ್ಲಿ ಒಬ್ಬ ನೈಜಲ್ ಮ್ಯಾನ್ಸೆಲ್. 1980ರಲ್ಲಿ ಫಾರ್ಮುಲಾ ಒನ್ನಿಗೆ ಕಾಲಿಟ್ಟದ್ದು ಲೋಟಸ್‌ನಲ್ಲೇ. ಅದೇ ಮ್ಯಾನ್ಸೆಲ್ 1989ರಲ್ಲಿ ಬ್ರೆಜಿಲ್‌ನಲ್ಲಿ ಫೆರಾರಿ 640 ಓಡಿಸಿ ಗೆದ್ದ. ಅದರಲ್ಲಿ ಗೇರ್ ಲಿವರೇ ಇರಲಿಲ್ಲ. ಸ್ಟಿಯರಿಂಗ್ ಹಿಂದೆ ಎರಡು ಪ್ಯಾಡಲ್, ಒಂದು ಒತ್ತಿದರೆ ಮೇಲಿನ ಗೇರು, ಇನ್ನೊಂದು ಒತ್ತಿದರೆ ಕೆಳಗಿನದು. ಆ ವರ್ಷ ಅದೂ ಎಷ್ಟೋ ಸಲ ಅರ್ಧದಲ್ಲೇ ನಿಂತಿತು. ಆದರೆ ಫೆರಾರಿಯವರು ಬಿಡದೇ ತಿದ್ದಿದರು. 1990ರ ದಶಕದ ಮಧ್ಯದ ಹೊತ್ತಿಗೆ ಹೆಚ್ಚುಕಮ್ಮಿ ಎಲ್ಲಾ ಟೀಮುಗಳೂ ಅದೇ ದಾರಿಗೆ ಬಂದವು. ಚಾಪ್‌ಮನ್ ಐಡಿಯಾ ಸರಿಯಾಗೇ ಇತ್ತು. ಕೈಕೊಟ್ಟದ್ದು ಎಣ್ಣೆ, ಮತ್ತೆ ತಾಳ್ಮೆ.

ಫಾರ್ಮುಲಾ ಸ್ಟೂಡೆಂಟ್ ಕಾರು ಕಟ್ಟೋ ಎಷ್ಟೋ ಟೀಮುಗಳು ಬೈಕ್ ಎಂಜಿನ್ ಇಡೋದರಿಂದ ಈ ಡಬ್ಬ ನಿಮ್ಮ ಕೈಗೂ ಸಿಗಬಹುದು. ಕೂತಾಗ ಇಷ್ಟು ನೆನಪಿರಲಿ.

ಕ್ಲಚ್ ಮುಖ್ಯವಾಗಿ ಬೇಕಾಗೋದು ಹೊರಡೋವಾಗ ಮತ್ತು ನಿಲ್ಲೋವಾಗ. ಮೇಲಿನ ಗೇರಿಗೆ ಹೋಗೋವಾಗ ಎಂಜಿನ್ ಎಳೆತಕ್ಕೆ ಡಾಗ್‌ಗಳು ಒಂದಕ್ಕೊಂದು ಬಿಗಿಯಾಗಿ ಒತ್ತಿಕೊಂಡಿರುತ್ತೆ, ಹಾಗೇ ಎಳೆದರೆ ಬರಲ್ಲ. ಮೊದಲು ಲಿವರಿಗೆ ಸ್ವಲ್ಪ ಒತ್ತಡ ಕೊಟ್ಟು, ಆಕ್ಸಿಲರೇಟರ್‌ನಿಂದ ಕಾಲು ಒಂದು ಕ್ಷಣ ಎತ್ತಿ. ಬಿಗಿ ಬಿಟ್ಟ ತಕ್ಷಣ ಗೇರು ಜಾರಿ ಬೀಳುತ್ತೆ. ಇಗ್ನಿಷನ್ ಕಟ್ ಇರೋ ಕಾರಿನಲ್ಲಿ ಕಾಲೂ ಎತ್ತಬೇಕಿಲ್ಲ, ಕಂಪ್ಯೂಟರ್ರೇ ಆ ಒಂದು ಕ್ಷಣ ಎಂಜಿನ್ನಿನ ಎಳೆತ ನಿಲ್ಲಿಸುತ್ತೆ.

ಇಳಿಸೋವಾಗ ಉಲ್ಟಾ. ಮೂರನೇ ಗೇರಿನ ಅನುಪಾತ 1.5, ಎರಡನೇದು 2.0 ಅಂತ ಇಟ್ಟುಕೊಳ್ಳಿ. 6000 ಆರ್‌ಪಿಎಂನಲ್ಲಿ ಇಳಿಸಿದರೆ ಎಂಜಿನ್ 8000ಕ್ಕೆ ಏರಬೇಕು. ಬ್ರೇಕ್ ಹಿಡಿದಿರುವಾಗಲೇ ಆಕ್ಸಿಲರೇಟರ್ ಒಮ್ಮೆ ಗುಮ್ಮಿ ಆ ವೇಗಕ್ಕೆ ತಂದು ಗೇರು ಹಾಕಿ, ಇಲ್ಲಾಂದ್ರೆ ಹಿಂದಿನ ಚಕ್ರ ಲಾಕ್ ಆಗಿ ಕಾರು ತಿರುಗಿಬಿಡುತ್ತೆ. ಮತ್ತೆ, ಡ್ರಮ್ ತಪ್ಪು ಗೇರು ತಡೆಯುತ್ತೆ ನಿಜ, ಆದರೆ ತುಂಬಾ ಬೇಗ ಇಳಿಸೋದನ್ನ ತಡೆಯಲ್ಲ. 12000 ದಾಟುತ್ತಾ ಇಲ್ವಾ ಅನ್ನೋ ಲೆಕ್ಕ ನಿಮ್ಮದೇ.

ಎಳೆಯೋದು ಮಾತ್ರ ಒಂದೇ ಸಲ, ಪೂರ್ತಿ. ಅನುಮಾನದಲ್ಲಿ ಅರ್ಧ ಎಳೆದರೆ ಡಾಗ್‌ಗಳ ತುದಿ ತುದಿ ಬಡಿದು ಮೂಲೆ ದುಂಡಗಾಗುತ್ತೆ, ಆಮೇಲೆ ಗೇರು ತಾನಾಗೇ ಹೊರಗೆ ಹಾರೋಕೆ ಶುರುವಾಗುತ್ತೆ. ಬದಲಿಸಿದ ಮೇಲೆ ಕೈ ಲಿವರ್ ಮೇಲೆ ಇಟ್ಟುಕೊಂಡು ಕೂರಬೇಡಿ, ಫೋರ್ಕ್ ಸವೆಯುತ್ತೆ.

ಇನ್ನೊಂದು, ಓಡಿಸೋರಿಗಲ್ಲ, ಕಟ್ಟೋರಿಗೆ. ಕ್ಯಾಡ್‌ನಲ್ಲಿ ಭಾಗದ ತೂಕ ಇನ್ನೂ 200 ಗ್ರಾಂ ಇಳಿಸೋ ಮುಂಚೆ, ತಿರುವಿನಲ್ಲಿ ಕಾರು ವಾಲಿದಾಗ ಎಣ್ಣೆ ಯಾವ ಕಡೆ ಓಡುತ್ತೆ, ಆ ಭಾಗ ಮುರಿದರೆ ಸೀಟಿನಲ್ಲಿ ಕೂತ ಗೆಳೆಯನಿಗೆ ಏನಾಗುತ್ತೆ ಅಂತ ಒಮ್ಮೆ ಕೇಳಿಕೊಳ್ಳಿ. ಉತ್ತರ ಸಿಕ್ಕ ಮೇಲೆ ಇಳಿಸಿ.