ಕಲ್ಲಚ್ಚಿನಲ್ಲಿ ಮೂಡಿದ ದೇವತೆಗಳು: ರಾಜಾ ರವಿವರ್ಮನ ಜೀವನ

ದೀಪಾವಳಿಯಂದು ಅಂಗಡಿಯ ಗೋಡೆಯ ಮೇಲೆ ಪೂಜೆಗೊಳ್ಳುವ ಲಕ್ಷ್ಮಿಯ ಪಟವನ್ನು ಕಂಡವರಿಗೆ ಅದು ಅನಾದಿಕಾಲದಿಂದ ನಡೆದುಬಂದ ರೂಪವೆಂದೇ ತೋರುತ್ತದೆ. ಅರಳಿದ ಕಮಲದ ಮೇಲೆ ನಿಂತ ಚತುರ್ಭುಜೆ, ಮೈತುಂಬ ಸೀರೆ, ಸುತ್ತಲೂ ಕೊಳ, ಬದಿಯಲ್ಲಿ ಸೊಂಡಿಲಲ್ಲಿ ಮಾಲೆ ಹಿಡಿದ ಆನೆ. ಲಕ್ಷ್ಮಿಯ ಕಲ್ಪನೆ ಪ್ರಾಚೀನವಾದುದೇ. ನಮ್ಮ ದೇವಾಲಯಗಳ ಬಾಗಿಲವಾಡದ ಲಲಾಟಬಿಂಬದಲ್ಲಿ ಗಜಲಕ್ಷ್ಮಿ ಶತಮಾನಗಳಿಂದ ಕುಳಿತಿದ್ದಾಳೆ. ಆದರೆ ಪಟದಲ್ಲಿರುವ ಈ ಮುಖಕ್ಕೆ, ಈ ಸೀರೆಗೆ, ಈ ನಿಲುವಿಗೆ ಹುಟ್ಟಿದ ಊರೂ ಕಾಲವೂ ಉಂಟು. ಊರು ನಮ್ಮ ಮುಂಬಯಿ. ಕಾಲ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕ. ಅದನ್ನು ಮನೆಮನೆಗೆ ತಲುಪಿಸಿದವನು ರಾಜಾ ರವಿವರ್ಮ.

ರವಿವರ್ಮ ತಿರುವಾಂಕೂರು ಸಂಸ್ಥಾನದ ಕಿಳಿಮಾನೂರಿನಲ್ಲಿ 1848ರ ಏಪ್ರಿಲ್ 29ರಂದು ಜನಿಸಿದನು. ಚಿತ್ರಕಲೆಯ ಮೊದಲ ಪಾಠ ಸೋದರಮಾವ ರಾಜರಾಜವರ್ಮನಿಂದ ದೊರೆಯಿತು. 1862ರಲ್ಲಿ, ಹದಿನಾಲ್ಕರ ಹರೆಯದಲ್ಲಿ, ಮಾವನ ಜೊತೆ ತಿರುವನಂತಪುರಕ್ಕೆ ಬಂದು ಮಹಾರಾಜ ಆಯಿಲ್ಯಂ ತಿರುನಾಳರ ಆಶ್ರಯ ಪಡೆದನು. ತೈಲವರ್ಣದ ಬಳಕೆ ಆಗ ಆಸ್ಥಾನದಲ್ಲಿ ಹೊಸದು. ಅದನ್ನು ಬಲ್ಲ ಆಸ್ಥಾನ ಚಿತ್ರಕಾರ ರಾಮಸ್ವಾಮಿ ನಾಯ್ಕರ್ ಹುಡುಗನಿಗೆ ಗುಟ್ಟನ್ನು ಬಿಟ್ಟುಕೊಡಲಿಲ್ಲ. 1868ರಲ್ಲಿ ಬಂದ ಐರೋಪ್ಯ ಚಿತ್ರಕಾರ ಥಿಯೋಡರ್ ಜೆನ್ಸನ್ ಕೂಡ ಕಲಿಸಲೊಪ್ಪದೆ, ತಾನು ಬರೆಯುವುದನ್ನು ನೋಡಲು ಮಾತ್ರ ಅವಕಾಶ ಕೊಟ್ಟನು. ಹೀಗೆ ನೋಡಿ ಕಲಿತದ್ದೇ ಅವನ ವಿದ್ಯೆಯ ಬಹುಭಾಗ. 1870ರಲ್ಲಿ, ಚಿತ್ರಕಲೆಯನ್ನೇ ವೃತ್ತಿಯಾಗಿ ಕೈಕೊಳ್ಳುವ ಮುನ್ನ, ಅವನು ಕೊಲ್ಲೂರಿನ ಮೂಕಾಂಬಿಕೆಯ ಸನ್ನಿಧಿಗೆ ಯಾತ್ರೆ ಹೋಗಿ ವ್ರತ ಕೈಗೊಂಡಿದ್ದನೆಂದು ಜೀವನಚರಿತ್ರಕಾರರು ತಿಳಿಸುತ್ತಾರೆ. ಕನ್ನಡನಾಡಿನೊಡನೆ ಅವನ ಸಂಬಂಧ ಆರಂಭವಾದದ್ದು ಅರಮನೆಯಿಂದಲ್ಲ, ಘಟ್ಟದಡಿಯ ಒಂದು ದೇವಾಲಯದಿಂದ.

ಅನಂತರದ ಕೀರ್ತಿಯ ಕಥೆ ಸುಪರಿಚಿತವಾದುದರಿಂದ ಇಲ್ಲಿ ವಿಸ್ತರಿಸಬೇಕಾಗಿಲ್ಲ. 1873ರಲ್ಲಿ ಮದರಾಸಿನ ಪ್ರದರ್ಶನದಲ್ಲಿ ಚಿನ್ನದ ಪದಕ, ಅದೇ ವರ್ಷ ವಿಯೆನ್ನಾದಲ್ಲಿ ಪುರಸ್ಕಾರ. 1876ರಲ್ಲಿ ಪತ್ರ ಬರೆಯುತ್ತಿರುವ ಶಕುಂತಲೆಯ ಚಿತ್ರ. 1885ರಲ್ಲಿ ಚಾಮರಾಜೇಂದ್ರ ಒಡೆಯರ ಆಹ್ವಾನದಂತೆ ಮೈಸೂರಿಗೆ ಬಂದು ರಾಜಮನೆತನದವರ ಭಾವಚಿತ್ರಗಳನ್ನು ಬರೆದನು. ಆ ದಿನಗಳ ಮೈಸೂರಿನಲ್ಲಿ ಅರಮನೆಯ ನಾಟಕ ಸಭೆ ನಡೆಯುತ್ತಿತ್ತು. ಬಸವಪ್ಪಶಾಸ್ತ್ರಿಗಳು ಕಾಳಿದಾಸನ ಶಕುಂತಲೆಯನ್ನು ಕನ್ನಡಕ್ಕೆ ತಂದಿದ್ದರು. ಅದಕ್ಕೂ ಮೊದಲೇ, 1880ರಲ್ಲಿ, ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಪುಣೆಯಲ್ಲಿ ಮರಾಠಿ ಸಂಗೀತ ಶಾಕುಂತಲವನ್ನು ರಂಗಕ್ಕೇರಿಸಿದ್ದರು. ಕವಿ, ನಟ, ಚಿತ್ರಕಾರ ಮೂವರೂ ಒಂದೇ ದಶಕದಲ್ಲಿ ಒಬ್ಬಳೇ ನಾಯಿಕೆಯ ಬೆನ್ನುಹತ್ತಿದ್ದು ಆಕಸ್ಮಿಕವಲ್ಲ. ರವಿವರ್ಮನ ಪಾತ್ರಗಳು ರಂಗದ ಮೇಲಿನ ನಟರಂತೆ ನಿಲ್ಲುತ್ತವೆಂಬ ಆಕ್ಷೇಪಣೆಯನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಬೇಕು. ಅದು ಆ ಕಾಲದ ಕಣ್ಣಿನ ಅಭಿರುಚಿಯೇ ಆಗಿತ್ತು.

1888ರಲ್ಲಿ ಬರೋಡಾದ ಸಯಾಜಿರಾವ್ ಗಾಯಕವಾಡರು ಹದಿನಾಲ್ಕು ಪೌರಾಣಿಕ ಚಿತ್ರಗಳನ್ನು ಬರೆಯಿಸಲು ಮುಂದಾದಾಗ ಒಂದು ಕುತೂಹಲದ ಸಮಸ್ಯೆ ಎದುರಾಯಿತು. ದಮಯಂತಿ ಉಟ್ಟದ್ದೇನು? ದ್ರೌಪದಿಯ ಸೀರೆ ಯಾವ ದೇಶದ್ದು? ಇದನ್ನು ಅರಿಯಲು ರವಿವರ್ಮನು ತಮ್ಮ ಸಿ. ರಾಜರಾಜವರ್ಮನೊಡನೆ ಉತ್ತರ ಭಾರತವನ್ನೆಲ್ಲ ಸುತ್ತಿದನು. ಇಡೀ ದೇಶಕ್ಕೆ ಸಮಾನವಾದ ಪೌರಾಣಿಕ ಉಡುಗೆಯೊಂದು ಎಲ್ಲಿಯೂ ಸಿಗಲಿಲ್ಲ. ಆಗ ಅವನು ಮಾಡಿದ್ದು ಸರಳ: ತಾನು ಕಣ್ಣಾರೆ ಕಂಡ ಪಶ್ಚಿಮ ಮತ್ತು ದಕ್ಷಿಣ ಭಾರತದ ಸೀರೆಯನ್ನೇ ಪುರಾಣದ ಸ್ತ್ರೀಯರಿಗೆ ಉಡಿಸಿದನು. ಕುಮಾರವ್ಯಾಸನನ್ನು ಓದುವಾಗ ನಮ್ಮ ವಿದ್ಯಾರ್ಥಿಗಳ ಕಣ್ಣಮುಂದೆ ನಿಲ್ಲುವ ದ್ರೌಪದಿ ಬಹುಮಟ್ಟಿಗೆ ಹೀಗೆ ಹುಟ್ಟಿದವಳು. ಗದುಗಿನ ಕವಿಯ ಕಾವ್ಯವನ್ನು ಗಮಕಿಗಳ ಬಾಯಲ್ಲಿ ಕೇಳುತ್ತಿದ್ದ ಹಳೆಯ ಶ್ರೋತೃಗಳ ಮನಸ್ಸಿನಲ್ಲಿ ತೊಗಲುಗೊಂಬೆಯ ದೊಡ್ಡ ಕಣ್ಣಿನ ದ್ರೌಪದಿ ಇದ್ದಿರಬಹುದು, ಬಯಲಾಟದ ಕಿರೀಟಧಾರಿಣಿ ಇದ್ದಿರಬಹುದು. ಒಂದೇ ಮುಖ ಇದ್ದಿರಲಾರದು.

ಚಿತ್ರಗಳನ್ನು ಕಲ್ಲಚ್ಚಿಗೆ ಹಾಕಿಸಬೇಕೆಂಬ ಸಲಹೆ ಮಾತ್ರ ಇದಕ್ಕಿಂತ ಹಿಂದಿನದು. ತಿರುವಾಂಕೂರು, ಬರೋಡಾ ಎರಡೂ ಕಡೆ ದಿವಾನರಾಗಿದ್ದ ಸರ್ ಟಿ. ಮಾಧವರಾಯರು 1884ರಲ್ಲಿಯೇ ಅದನ್ನು ಬರೆದು ತಿಳಿಸಿದ್ದರು. ಒಬ್ಬ ಚಿತ್ರಕಾರನ ಎರಡು ಕೈಗಳು ದೇಶದ ಬೇಡಿಕೆಯನ್ನು ಪೂರೈಸಲಾರವು ಎಂಬುದು ಅವರ ವಾದದ ಸಾರ. ಹತ್ತು ವರ್ಷಗಳ ಬಳಿಕ, 1894ರಲ್ಲಿ, ಗೋವರ್ಧನದಾಸ ಮಖನ್‌ಜಿಯವರ ಪಾಲುದಾರಿಕೆಯಲ್ಲಿ ಮುಂಬಯಿಯ ಗಿರಗಾಂವದಲ್ಲಿ ರವಿವರ್ಮನ ಮುದ್ರಣಾಲಯ ಆರಂಭವಾಯಿತು. ಯಂತ್ರಗಳೂ ಕುಶಲಕರ್ಮಿಗಳೂ ಜರ್ಮನಿಯಿಂದ ಬಂದರು. ಮೊದಲು ಹೊರಬಂದ ಪಟ ಶಕುಂತಲೆಯ ಜನನ.

ಕಲ್ಲಚ್ಚು ಎಂಬ ಮಾತು ಕನ್ನಡಿಗರಿಗೆ ಹೊಸದಲ್ಲ. 1843ರಲ್ಲಿ ಹರ್ಮನ್ ಮೋಗ್ಲಿಂಗರು ಹೊರಡಿಸಿದ ಮಂಗಳೂರ ಸಮಾಚಾರ, ಕನ್ನಡದ ಮೊದಲ ಪತ್ರಿಕೆ, ಅಚ್ಚಾದದ್ದು ಕಲ್ಲಚ್ಚಿನಲ್ಲಿಯೇ. ಈ ವಿದ್ಯೆಯನ್ನು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕಂಡುಹಿಡಿದ ಬವೇರಿಯದ ಅಲೋಯಿಸ್ ಸೆನೆಫೆಲ್ಡರ್ ಒಬ್ಬ ನಾಟಕಕಾರ; ತನ್ನ ನಾಟಕಗಳನ್ನು ಅಗ್ಗವಾಗಿ ಅಚ್ಚುಹಾಕುವ ದಾರಿಯನ್ನು ಹುಡುಕುತ್ತಿದ್ದವನು. ಜಿಡ್ಡಿಗೂ ನೀರಿಗೂ ಹೊಂದಿಕೆಯಿಲ್ಲವೆಂಬುದೇ ಇದರ ಮೂಲತತ್ತ್ವ. ನಯಗೊಳಿಸಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆದು ಕಲ್ಲನ್ನು ಒದ್ದೆ ಮಾಡಿದರೆ, ಬರೆಯದ ಭಾಗ ನೀರನ್ನು ಹೀರಿಕೊಂಡು ಶಾಯಿಯನ್ನು ದೂರ ತಳ್ಳುತ್ತದೆ; ಬರೆದ ಭಾಗ ಶಾಯಿಯನ್ನು ಹಿಡಿಯುತ್ತದೆ. ವರ್ಣಚಿತ್ರವಾದರೆ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು ಬೇಕು. ಒಂದೇ ಹಾಳೆಯನ್ನು ಕೂದಲೆಳೆಯೂ ಜರುಗದಂತೆ ಕಲ್ಲಿನಿಂದ ಕಲ್ಲಿಗೆ ಒತ್ತುತ್ತ ಹೋಗಬೇಕು. ಸರಸ್ವತಿಯ ಕೆನ್ನೆಯ ಹೊಳಪನ್ನು ಯಾವ ಬಣ್ಣಗಳಾಗಿ ಒಡೆಯಬೇಕೆಂಬುದನ್ನು ನಿರ್ಧರಿಸುತ್ತಿದ್ದವರು ಮೂಲ ಚಿತ್ರಕಾರನಲ್ಲ, ಕಲ್ಲಿನ ಮೇಲೆ ಕನ್ನಡಿಯ ಬಿಂಬದಂತೆ ಎಡಬಲ ತಿರುಗಿಸಿ ಬರೆಯುತ್ತಿದ್ದ ಕೆಲಸಗಾರರು. ನಾವು ರವಿವರ್ಮನ ಪಟವೆಂದು ಕರೆಯುವುದರಲ್ಲಿ ಅವರ ಪಾಲು ದೊಡ್ಡದು.

ದೇವರ ಪಟಗಳನ್ನು ಅಚ್ಚುಹಾಕಿದವರಲ್ಲಿ ರವಿವರ್ಮನೇ ಮೊದಲಿಗನೆಂಬ ನಂಬಿಕೆ ಸರಿಯಲ್ಲ. ಕಲಕತ್ತೆಯ ಆರ್ಟ್ ಸ್ಟುಡಿಯೋ, ಪುಣೆಯ ಚಿತ್ರಶಾಲಾ ಮುದ್ರಣಾಲಯ ಎರಡೂ 1878ರ ಹೊತ್ತಿಗೇ ಹುಟ್ಟಿದ್ದವು. ರವಿವರ್ಮನ ಪಟಗಳು ಅವುಗಳನ್ನು ಮೀರಿದ್ದಕ್ಕೆ ಕಾರಣ ತೈಲವರ್ಣದ ಮೈಕಾಂತಿಯನ್ನು ಕಾಗದದ ಮೇಲೆ ತರುವ ಛಲ. ಆದರೆ ಛಲಕ್ಕೆ ತಕ್ಕ ಲಾಭ ಬರಲಿಲ್ಲ. 1896ರಲ್ಲಿ ಮುಂಬಯಿಗೆ ಪ್ಲೇಗು ಬಡಿಯಿತು. ಮುದ್ರಣಾಲಯವು 1899ರಲ್ಲಿ ಲೋಣಾವಳೆಯ ಬಳಿಯ ಮಳವಲಿಗೆ ಹೋಯಿತು. ಸಾಲ ಬೆಳೆಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರವಿವರ್ಮನು ಅದನ್ನು, 89 ಚಿತ್ರಗಳ ಹಕ್ಕಿನೊಡನೆ, ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಖರನಿಗೆ ಮಾರಿಬಿಟ್ಟನು. ಅಂದರೆ ದೇಶವೆಲ್ಲ ಅವನ ಲಕ್ಷ್ಮಿಯನ್ನು ಪೂಜಿಸತೊಡಗಿದಾಗ ಆ ಲಕ್ಷ್ಮಿ ಅವನ ಕೈಯಲ್ಲಿರಲಿಲ್ಲ. ಈ ಮುದ್ರಣಾಲಯಕ್ಕಾಗಿ ದುಡಿದವರಲ್ಲಿ ದಾದಾಸಾಹೇಬ ಫಾಲ್ಕೆಯವರೂ ಒಬ್ಬರು. 1913ರ ಅವರ ರಾಜಾ ಹರಿಶ್ಚಂದ್ರ ಚಲನಚಿತ್ರಕ್ಕೂ ಮಳವಲಿಯ ಕಲ್ಲುಗಳಿಗೂ ಇರುವ ನಂಟು ಹೀಗೆ.

ಅವನ ಮರಣದ ಬಳಿಕ ವಿಮರ್ಶಕರು ಅವನನ್ನು ಕಠಿಣವಾಗಿ ಕಂಡರು. ಆನಂದ ಕುಮಾರಸ್ವಾಮಿ, ಬಂಗಾಳದ ನವ್ಯ ಚಿತ್ರಪಂಥದವರು ಅವನ ದೇವತೆಗಳಲ್ಲಿ ದೈವತ್ವವಿಲ್ಲವೆಂದರು. ಐರೋಪ್ಯ ಅನುಕರಣೆಯೆಂದು ತಳ್ಳಿಹಾಕಿದರು. ಇದರಲ್ಲಿ ಸತ್ಯಾಂಶವಿದೆ. ದೇಶದ ನಾನಾ ಭಾಗಗಳ ಹನ್ನೊಂದು ಸ್ತ್ರೀಯರನ್ನು ಅವರವರ ಉಡುಗೆಯಲ್ಲಿಯೇ ಕೂರಿಸಿದ, ಇಂದು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ಗಾಯಕಿಯರ ಚಿತ್ರದ ವೈವಿಧ್ಯ ಅವನ ದೇವಿಯರಲ್ಲಿ ಇಲ್ಲ. ಅಲ್ಲಿ ಎಲ್ಲರೂ ಗೌರವರ್ಣದವರು, ಒಂದೇ ಮನೆತನದವರು. ಆದರೂ ಈ ವಿಮರ್ಶೆ ಅರಮನೆಯ ಕ್ಯಾನ್ವಾಸನ್ನು ನೋಡಿತೇ ಹೊರತು ಗುಡಿಸಿಲ ಗೋಡೆಯನ್ನು ನೋಡಲಿಲ್ಲವೆಂದು ನನ್ನ ಅಭಿಪ್ರಾಯ. ರವಿವರ್ಮನ ಸ್ವಂತ ನಾಡಾದ ತಿರುವಾಂಕೂರಿನಲ್ಲಿ ಎಲ್ಲ ಜಾತಿಯ ಹಿಂದೂಗಳಿಗೂ ದೇವಾಲಯದ ಬಾಗಿಲು ತೆರೆದದ್ದು 1936ರ ನವೆಂಬರಿನಲ್ಲಿ. ಅದಕ್ಕೆ ನಾಲ್ಕು ದಶಕ ಮೊದಲೇ, ಗರ್ಭಗುಡಿಯನ್ನು ದೂರದಿಂದಲೂ ಕಾಣಲಾಗದವರು ಸಂತೆಯಲ್ಲಿ ಕೊಂಡ ಪಟದ ದೇವರನ್ನು ಎದುರಿಗೇ ನಿಂತು ನೋಡಬಹುದಾಗಿತ್ತು. ಅರಸುಮನೆತನದ ಬಂಧುವಾದ ಚಿತ್ರಕಾರನು ಇದನ್ನು ಉದ್ದೇಶಿಸಿದ್ದನೆಂದು ಹೇಳಲು ಆಧಾರವಿಲ್ಲ; ಅವನ ಉದ್ದೇಶದಲ್ಲಿ ಅಭಿರುಚಿಯೂ ವ್ಯಾಪಾರವೂ ಇದ್ದವು. ಕಾರ್ಯದ ಫಲವು ಕರ್ತೃವಿನ ಆಶಯವನ್ನು ದಾಟಿತು.

ರವಿವರ್ಮನ ಕೊನೆಯ ದಿನಗಳಲ್ಲಿಯೂ ಮೈಸೂರು ಬರುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರು ಹೊಸ ಅರಮನೆಗಾಗಿ ಪೌರಾಣಿಕ ಚಿತ್ರಗಳನ್ನು ಬರೆಯಿಸಿದರು. ಆ ನಡುವೆ, 1905ರಲ್ಲಿ, ಎಲ್ಲ ಕೆಲಸಗಳಲ್ಲಿಯೂ ಜೊತೆಗಿದ್ದ ತಮ್ಮ ತೀರಿಕೊಂಡನು. 1906ರ ಅಕ್ಟೋಬರ್ 2ರಂದು ರವಿವರ್ಮನು ಕಿಳಿಮಾನೂರಿನಲ್ಲಿ ನಿಧನನಾದನು. ಭಾರತ ಸರಕಾರ 1979ರಲ್ಲಿ ಅವನ ಕೃತಿಗಳನ್ನು ದೇಶದ ಕಲಾನಿಧಿಯೆಂದು ಸಾರಿ ಹೊರದೇಶಕ್ಕೆ ಒಯ್ಯದಂತೆ ವಿಧಿಸಿತು. ಮಳವಲಿಯ ಮುದ್ರಣಾಲಯ ಅಷ್ಟರಲ್ಲಿ, 1972ರಲ್ಲಿ, ಬೆಂಕಿಗೆ ಆಹುತಿಯಾಗಿತ್ತು. ಅಲ್ಲಿಂದ ಹೊರಟ ಪಟಗಳಲ್ಲಿ ಕೆಲವು ಇಂದಿಗೂ ಸಂಗ್ರಹಾಲಯಗಳಲ್ಲಿವೆ. ಅವುಗಳಲ್ಲಿ ಕೆಲವದರ ಮೇಲೆ ಮನೆಯ ಹೆಣ್ಣುಮಕ್ಕಳು ದೇವಿಯ ಸೀರೆಯ ಅಂಚಿಗೆ ನಿಜವಾದ ಜರಿಯನ್ನೂ ಒಡವೆಯ ಜಾಗದಲ್ಲಿ ಮಿನುಗು ಬಿಲ್ಲೆಗಳನ್ನೂ ಸೂಜಿಯಿಂದ ಹೊಲಿದಿದ್ದಾರೆ.