ಮಾಚಿದೇವರ ಗಂಟು, ನಮ್ಮ ಕೋಡಿನ ಬೀಗ

ಪ್ರತಿ ಫೆಬ್ರವರಿ 1ಕ್ಕೆ ಸರ್ಕಾರ ಮಡಿವಾಳ ಮಾಚಿದೇವರ ಜಯಂತಿ ಮಾಡುತ್ತೆ. ಫೋಟೊಗೆ ಹಾರ, ಸಮುದಾಯದ ಮುಖಂಡರ ಭಾಷಣ, ಆಮೇಲೆ ಎಲ್ಲರೂ ಮನೆಗೆ. ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದ ನನಗೆ ಅವರು ನೆನಪಾಗೋದು ಬೇರೆ ಕಡೆ: ಪ್ರೋಗ್ರಾಂ ಇದ್ದಕ್ಕಿದ್ದಂತೆ ನಿಂತುಬಿಟ್ಟಾಗ.

ಮಾಚಿದೇವರು 12ನೇ ಶತಮಾನದವರು. ಊರು ಇಂದಿನ ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿ, ಕಾಯಕ ಬಟ್ಟೆ ಒಗೆಯುವುದು. ಕಲ್ಯಾಣಕ್ಕೆ ಹೋಗಿ ಬಸವಣ್ಣನವರ ಒಡನಾಡಿಯಾದರು. ದುಡಿದು ಬದುಕುವ ಶರಣರ ಬಟ್ಟೆ ಮಾತ್ರ ಒಗೆಯುತ್ತಿದ್ದರು, ಮಡಿಗಂಟು ಹೊತ್ತು ಹೊರಟರೆ ದಾರಿಯಲ್ಲಿ ಯಾರೂ ಅದನ್ನು ಮುಟ್ಟುವಂತಿರಲಿಲ್ಲ ಅನ್ನುತ್ತವೆ ಪುರಾಣಗಳು. ದೊರೆ ಬಿಜ್ಜಳನಿಗೂ ವಿನಾಯಿತಿ ಇರಲಿಲ್ಲವಂತೆ. ದಾನದ ಹಮ್ಮು ಸುಳಿದಾಗ ಬಸವಣ್ಣನವರನ್ನೇ ಎಚ್ಚರಿಸಿದರು ಎಂಬ ಕಥೆಯೂ ಇದೆ. ಕಲಿದೇವನ ಅಂಕಿತದಲ್ಲಿ ಬರೆದ ಅವರ ಮುನ್ನೂರಕ್ಕೂ ಹೆಚ್ಚು ವಚನಗಳು ಸಿಕ್ಕಿವೆ.

ಆ ಗಂಟಿನ ನಿಯಮಕ್ಕೆ ನಾವು ಲಾಕ್ ಅಂತೀವಿ: ಹಂಚಿಕೊಂಡ ಡೇಟಾವನ್ನು ಒಂದು ಹೊತ್ತಿಗೆ ಒಬ್ಬರೇ ಮುಟ್ಟಬೇಕು. ಬೀಗ ಹಿಡಿದವರೇ ಒಳಗಿನ ಇನ್ನೊಂದು ಫಂಕ್ಷನ್‌ನಲ್ಲಿ ಮತ್ತೆ ಅದೇ ಬೀಗ ಕೇಳಿದರೆ? ಸಾದಾ ಲಾಕ್ ಆದರೆ ತಮಗಾಗಿ ತಾವೇ ಕಾಯುತ್ತಾ ನಿಲ್ಲಬೇಕು. ರೀಎಂಟ್ರಂಟ್ ಲಾಕ್ ಯಜಮಾನನ ಗುರುತು ಹಿಡಿದು ಒಳಬಿಡುತ್ತೆ; ಎಷ್ಟು ಸಲ ಹಿಡಿದರೋ ಅಷ್ಟು ಸಲ ಬಿಟ್ಟಾಗಲೇ ಅದು ಬೇರೆಯವರಿಗೆ ಸಿಗೋದು.

ತೊಡಕಿರೋದು ಆ ಗುರುತಿನಲ್ಲೇ. ಪೈಥಾನ್‌ನ ಆರ್‌ಲಾಕ್ ನೋಡೋದು ಥ್ರೆಡ್ ಯಾವುದು ಅಂತ. ಆದರೆ ಅಸಿಂಕ್ ಕೋಡಿನಲ್ಲಿ ಒಂದೇ ಥ್ರೆಡ್ಡಿನ ಮೇಲೆ ನೂರಾರು ಟಾಸ್ಕ್ ಓಡಬಹುದು. ಒಂದು ಟಾಸ್ಕ್ ಲಾಕ್ ಹಿಡಿದು ಅವೇಟ್‌ನಲ್ಲಿ ಕೂತಾಗ, ಅದೇ ಥ್ರೆಡ್ಡಿನ ಇನ್ನೊಂದು ಟಾಸ್ಕ್ ಸಲೀಸಾಗಿ ಒಳಗೆ ಬರುತ್ತೆ. ಅರ್ಧ ಬದಲಾದ ಡೇಟಾ ಕೆಡುತ್ತೆ. ಅಸಿಂಕ್‌ಐಒ ಕೊಡುವ ಲಾಕ್ ಈ ನುಗ್ಗಾಟ ತಡೆಯುತ್ತೆ, ಆದರೆ ಅದು ರೀಎಂಟ್ರಂಟ್ ಅಲ್ಲ. ಹಾಗಾಗಿ ಹೊರಗಿನ ಫಂಕ್ಷನ್ ಮಾತ್ರ ಲಾಕ್ ಹಿಡಿಯಲಿ. ಒಳಗಿನದು, ಲಾಕ್ ಆಗಲೇ ಕೈಯಲ್ಲಿದೆ ಎಂದುಕೊಂಡು ಕೆಲಸ ಮಾಡಲಿ. ಎರರ್ ಬಂದರೂ ಲಾಕ್ ಬಿಡುವಂತೆ ಬರೆಯಿರಿ. ರೀಎಂಟ್ರಂಟ್ ಬೇಕೇ ಬೇಕು ಅಂದರೆ ಯಜಮಾನಿಕೆ ಟಾಸ್ಕಿನ ಹೆಸರಲ್ಲಿರಲಿ.

ಮಾಚಿದೇವರು ಮನುಷ್ಯರನ್ನು ಗುರುತಿಸಿದ್ದೂ ಹೀಗೇ, ಮಾಡುವ ಕಾಯಕದಿಂದ. 1160ರ ದಶಕದ ಕೊನೆಯಲ್ಲಿ ಕಲ್ಯಾಣ ಹೊತ್ತಿ ಉರಿದಾಗ, ವಚನದ ಕಟ್ಟುಗಳನ್ನು ಹೊತ್ತು ಹೊರಟ ಶರಣರಿಗೆ ಬೆಂಗಾವಲಾಗಿ, ಬೆನ್ನಟ್ಟಿ ಬಂದ ಸೈನ್ಯವನ್ನು ತಡೆದವರು ಅವರು ಎಂಬುದು ಪರಂಪರೆಯ ನೆನಪು. ಆ ಕಟ್ಟುಗಳಲ್ಲಿ ಹತ್ತಾರು ಜಾತಿಯವರ ಮಾತಿತ್ತು. ಅಂಥವರ ಜಯಂತಿಯನ್ನು ನಾವು ಒಂದೇ ಸಮುದಾಯಕ್ಕೆ ಒಪ್ಪಿಸಿ ಕೈತೊಳೆದುಕೊಂಡಿದ್ದೇವೆ. ಬೀಗ ಇದೆ, ಗುರುತು ಹಿಡಿಯೋದು ತಪ್ಪಿದೆ.